ಬಿಸಿಲು ತಿರುಗಿದಂತೆ ಮಡಿಲು ಬದಲಾಯಿಸಿದ ಮಗು

ಗೆಳೆಯರೇ, ಇವತ್ತು ಸೇಲಂನಿಂದ ಏರ್ಕಾಡಿಗೆ ಹೊರಟ ಬಸ್ಸಿನಲ್ಲಿ ಕಾಲಿಡಲೂ ಜಾಗವಿರಲಿಲ್ಲ. ನಿಂತಿದ್ದ ತಾಯಿಯೊಬ್ಬಳು ತನ್ನ ಮಗುವನ್ನು ಕಿಟಕಿ ಪಕ್ಕ ಕೂತಿದ್ದ ನನ್ನ ಮಡಿಲಿಗೆ ಹಾಕಿ, "ಅಕ್ಕಾ, ಅಮ್ಮ ಆಗಿ ಈಗ್ ತಾನೆ ಎದ್ದೈತೆ, ಬಿಸ್ಲು ಬೀಳ್ದಂಗೆ ನೋಡ್ಕೊ" ಅಂದಳು. ಅಮ್ಮ ಅಂತಾರಲ್ಲ, ಆ ಸೀತಾಳೆ ಸಿಡುಬಿನ ಕಲೆಗಳು ಪುಟ್ಟ ಕೆನ್ನೆಯ ಮೇಲೆ ಇನ್ನೂ ಕೆಂಪಗಿದ್ದವು.

ಬಿಸಿಲು ನನ್ನ ಕಡೆಯೇ. ಅಡ್ಡ ಹಿಡಿದ ಸೆರಗು ಗಾಳಿಗೆ ನಿಲ್ಲಲಿಲ್ಲ. ಮಗು ಅಳತೊಡಗಿತು. ಆಚೆ ಬದಿಯ ಕಿಟಕಿ ಪಕ್ಕ ಕೂತಿದ್ದ ಹಿರಿಯರಿಗೆ, "ಮಾಮಾ, ಜಾಗ ಬದಲಾಯಿಸ್ಕೊಳ್ಳೋಣ್ವಾ?" ಎಂದೆ.

"ನೆಳ್ಳು ನೋಡ್ಕೊಂಡೇ ಕುಂತಿವ್ನಿ, ಏಳಾಕಿಲ್ಲ. ಬೇಕಾದ್ರೆ ಮೊಗ ಕೊಡು" ಎಂದು ಗದರಿದರು. ಕೊಟ್ಟೆ.

ಘಾಟಿಯ ಮೊದಲ ತಿರುವಿಗೇ ಬಿಸಿಲು ಅವರ ಕಡೆ ಬಂತು. "ಇಲ್ಗೂ ಬಂತು, ಇಡ್ಕೊಮ್ಮಾ" ಎಂದು ಮಗುವನ್ನು ದಾಟಿಸಿದರು. ಮುಂದಿನ ತಿರುವಿಗೆ ನಾನು ಅವರಿಗೆ ದಾಟಿಸಿದೆ. ಹೀಗೇ ಬೆಟ್ಟ ಹತ್ತಿದೆವು. ನಿಂತಿದ್ದವರು ನಗುತ್ತ ಬಗ್ಗಿ ದಾರಿ ಬಿಡುತ್ತಿದ್ದರು.

ಕೊನೆಗೆ ಮಗು ಅವರ ಮಡಿಲಲ್ಲಿ ನಿದ್ದೆಹೋಯಿತು. ಮತ್ತೆ ತಿರುವು ಬಂದಾಗ ನಾನು ಕೈಚಾಚಿದರೆ ಕೊಡಲಿಲ್ಲ. ತಮ್ಮ ಬೆನ್ನನ್ನೇ ಕಿಟಕಿಗೆ ಅಡ್ಡ ಕೊಟ್ಟು ಕೂತರು. ಅಷ್ಟರಲ್ಲಿ ಕಂಡಕ್ಟರ್, "ಅಯ್ಯಾ, ನೀವ್ ಇಳಿಯೋ ಎಸ್ಟೇಟ್ ಆಗ್ಲೇ ಓಯ್ತಲ್ಲಾ!" ಎಂದ.

"ಗೊತ್ತು ಕಣಪ್ಪಾ. ಮೊಗ ಮಲ್ಗೈತೆ, ಮೆಲ್ಗೆ ಮಾತಾಡು."

ಏರ್ಕಾಡಿನಲ್ಲಿ ಹಿರಿಯರು ಮಗುವನ್ನು ತಾಯಿಗೆ ಒಪ್ಪಿಸಿ, ಬಂದ ದಾರಿಯಲ್ಲೇ ನಡೆದು ಹೊರಟರು. ಅವರು ಒಳ್ಳೆಯವರು, ಒಪ್ಪುತ್ತೇನೆ. ಆದರೂ ನನಗೆ ಸ್ವಲ್ಪ ಹೊಟ್ಟೆಕಿಚ್ಚು. ನನ್ನ ಮಡಿಲಲ್ಲಿ ಅದು ಕಣ್ಣು ಕೂಡ ಮುಚ್ಚಿರಲಿಲ್ಲ.