ಹೊರಗೆ ಉಚ್ಚೆ ಹುಯ್ಯದ ಕರಿಯ

ಗೆಳೆಯರೇ, ನಮ್ಮ ನಾಯಿ ಕರಿಯ ವಾಕಿಂಗ್ ಹೋದಾಗ ಎಷ್ಟು ಹೊತ್ತಾದರೂ ಉಚ್ಚೆ ಹುಯ್ಯುವುದಿಲ್ಲ, ಮನೆಗೆ ಬಂದೊಡನೆ ಸೋಫಾ ಹಿಂದೆ ಹುಯ್ಯುತ್ತಾನೆ ಎಂದು ಇಲ್ಲಿ ದೂರಿದ್ದೆನಲ್ಲ, ಅದರ ಕಾರಣ ಇವತ್ತು ಬೆಳಿಗ್ಗೆ ಬೀದಿಗೆಲ್ಲ ಗೊತ್ತಾಯಿತು.

ದೊಡ್ಡಬಳ್ಳಾಪುರದ ನಮ್ಮ ಬಡಾವಣೆಯನ್ನು ಮುಕ್ಕಾಲು ಗಂಟೆ ಸುತ್ತಿ ಸಾಕಾಗಿ, ಲೈಟು ಕಂಬದ ಬಳಿ ನಿಂತು, "ಹುಯ್ಯೋ ಲೇ, ಡ್ಯೂಟಿಗೆ ಟೈಮಾಯ್ತು" ಎಂದು ಕೂಗಿದೆ. ಅವನು ಬಾಲ ಮುದುರಿಕೊಂಡು ನಡುಗಿದ. ಬಾಗಿಲಿಗೆ ನೀರು ಹಾಕುತ್ತಿದ್ದ ಎದುರುಮನೆಯ ಜಯಮ್ಮನವರು ಬಕೆಟ್ ಕೆಳಗಿಟ್ಟರು.

"ಏನಪ್ಪಾ, ಮರ್ತೋಯ್ತಾ? ತಂದ ಹೊಸದ್ರಲ್ಲಿ ನನ್ನ ರಂಗೋಲಿ ಮೇಲೆ ಹುಯ್ದ ಅಂತ ಚಪ್ಪಲೀಲಿ ಬಾರಿಸಿದ್ಯಲ್ಲ. ಬ್ಯಾಡ ಬಿಡಪ್ಪಾ, ಇನ್ನೊಂದು ಬಿಟ್ಕೋತೀನಿ ಅಂದ್ರೂ ಕೇಳ್ಲಿಲ್ಲ."

ಮರೆತಿರಲಿಲ್ಲ. ನಾಯಿ ಡಾಕ್ಟರು ಕೇಳಿದಾಗಲೂ ಬೇಕೆಂದೇ ಆ ವಿಷಯ ಮುಚ್ಚಿಟ್ಟಿದ್ದೆ.

"ತಪ್ಪಾಯ್ತು ಜಯಮ್ಮೋರೇ" ಎಂದೆ.

"ನನ್ ತಾವ ಯಾಕ್ ಹೇಳ್ತೀಯ?" ಎಂದವರೇ ಬೆಲ್ಟ್ ಇಸಿದುಕೊಂಡು ಅವನನ್ನು ಪಕ್ಕದ ಖಾಲಿ ಸೈಟಿಗೆ ಕರೆದೊಯ್ದರು. "ನೀನು ಆ ಕಡೆ ತಿರುಕ್ಕೋ."

ತಿರುಗಿಕೊಂಡೆ. ಸ್ವಲ್ಪ ಹೊತ್ತಿಗೆ ಒಣ ಎಲೆಗಳ ಮೇಲೆ ಸದ್ದು ಶುರುವಾಯಿತು. ಪಾಪ, ಎಷ್ಟು ತಡೆದುಕೊಂಡಿದ್ದನೋ, ನಿಲ್ಲಲೇ ಇಲ್ಲ. ಖುಷಿಗೆ "ಭೇಷ್ ಕರಿಯ" ಎಂದು ತಿರುಗಿದರೆ, ಅವನು ಹೆದರಿ ಜಯಮ್ಮನವರ ಸೀರೆಯ ಹಿಂದೆ ಅಡಗಿಕೊಂಡ. ಅವರ ಮುಖ ನೋಡಲು ನನಗೆ ಧೈರ್ಯ ಬರಲಿಲ್ಲ.

ನಾಳೆಯಿಂದ ಬೆಳಗಿನ ವಾಕಿಂಗ್ ಅವರದೇ. ನಾನೂ ಬರಬಹುದಂತೆ, ಇಪ್ಪತ್ತು ಹೆಜ್ಜೆ ಹಿಂದೆ, ಬಾಯಿ ಮುಚ್ಚಿಕೊಂಡು.