ಜಸ್ತ್ ಮತ್ತು ಜಾಸ್ತ್

ಮರಾಠಿಯಲ್ಲಿ ಸತುವಿಗೆ ಜಸ್ತ್ ಅನ್ನುತ್ತಾರೆ. ಹೆಚ್ಚು ಅನ್ನುವುದಕ್ಕೆ ಜಾಸ್ತ್. ಚಿಕ್ಕಂದಿನಿಂದ ಜಾಸ್ತಿ ಜಾಸ್ತಿ ಅಂದುಕೊಂಡೇ ಬೆಳೆದ ನನ್ನಂಥ ಕಲಬುರಗಿಯವನ ನಾಲಿಗೆಗೆ ಎರಡೂ ಒಂದೇ. ಅದು ನನಗೆ ಗೊತ್ತಾದದ್ದು ನಾಸಿಕ್ ರೋಡಿನ ನಮ್ಮ ಮನೆಯಲ್ಲಿ, ಊಟಕ್ಕೆ ಕೂತಾಗ.

ನನ್ನದು ಮಣ್ಣು ಪರೀಕ್ಷೆಯ ನೌಕರಿ. ಕೇಂದ್ರ ಸರ್ಕಾರದ್ದು, ಹಾಗಾಗಿ ವರ್ಗಾವಣೆ ತಪ್ಪಿದ್ದಲ್ಲ. ಹೆಂಡತಿ, ಮಗಳು ನಾಸಿಕ್ ರೋಡಿನಲ್ಲಿ. ನಾನು ವಾರವಿಡೀ ಸಂಭಾಜಿನಗರದಲ್ಲಿದ್ದು ಸಿಲ್ಲೋಡ್ ಕಡೆಯ ಹಳ್ಳಿಗಳನ್ನು ಸುತ್ತುತ್ತೇನೆ. ಆ ಭಾನುವಾರ ಮಗಳೆದುರು ನನ್ನ ಮರಾಠಿಯ ಪ್ರತಾಪ ತೋರಿಸುತ್ತಿದ್ದೆ. ರೈತರಿಗೆ ಹೇಗೆ ಹೇಳುತ್ತೇನೆ ನೋಡು ಅಂತ ಕೈಯೆತ್ತಿ, “ಯಂದಾ ಜಾಸ್ತ್ ಟಾಕಾ!” ಅಂದೆ. ಈ ಸಲ ಸತು ಹಾಕಿ ಎಂಬುದು ನನ್ನ ಅರ್ಥ.

ಮಗಳಿಗೆ ನಗು ತಡೆಯಲಾಗಲಿಲ್ಲ. “ಪಪ್ಪಾ, ಜಸ್ತ್ ಅನ್ರಿ, ಜಸ್ತ್! ನೀವು ಜಾಸ್ತಿ ಹಾಕ್ರಿ ಅಂತ ಹೇಳ್ಲಿಕತ್ತೀರಿ. ಮೀನಿಂಗೇ ಅಲಗ್ ಆಯ್ತಲ್ಲ!”

ಹೆಂಡತಿಯೂ ನಕ್ಕಳು. ನಾನು ಮಾತ್ರ ಕೈಯಲ್ಲಿದ್ದ ತುತ್ತನ್ನು ತಟ್ಟೆಗೆ ಇಟ್ಟೆ. ಮಳೆಗಾಲದ ಆರಂಭದಲ್ಲಿ ಇದೇ ಮಾತನ್ನು ಸಿಲ್ಲೋಡ್ ಹತ್ತಿರದ ಒಬ್ಬ ರೈತ ಹೆಂಗಸಿಗೆ ಹೇಳಿಬಂದಿದ್ದೆ. ನಾನು ಮಾವಶಿ, ಅಂದರೆ ಚಿಕ್ಕಮ್ಮ, ಎಂದೇ ಕರೆಯುವ ಹಿರಿಯರು ಅವರು. ಅವರ ಮೊಮ್ಮಗಳು ಮೈ ಹತ್ತದ ಕೂಸು. ವಯಸ್ಸಿಗೆ ತಕ್ಕ ಎತ್ತರವಿಲ್ಲ, ಹೊಟ್ಟೆ ಸದಾ ಕೆಟ್ಟಿರುತ್ತದೆ, ಗಾಯ ಬೇಗ ಮಾಯುವುದಿಲ್ಲ. ಡಾಕ್ಟರು ಸತುವಿನ ಕೊರತೆ ಅಂದಿದ್ದರು. ಅವರ ಹೊಲದ ಮಣ್ಣಿನಲ್ಲೂ ಸತು ಕಡಿಮೆಯೇ ಇತ್ತು. ಮಣ್ಣಿನಲ್ಲಿಲ್ಲದ್ದು ಕಾಳಿಗೆ ಎಲ್ಲಿಂದ ಬರಬೇಕು? ಮೆಕ್ಕೆಜೋಳವನ್ನು ಮಾರಿಬಿಡುತ್ತಾರೆ, ಮನೆಯವರು ಉಣ್ಣಲು ಒಂದು ತುಂಡು ಹೊಲದಲ್ಲಿ ಸಜ್ಜೆ ಬಿತ್ತುತ್ತಾರೆ. ಆ ಸಜ್ಜೆಗೆ ಸತು ಹಾಕಿಸಿದರೆ ಆಯಿತು ಅಂದುಕೊಂಡಿದ್ದೆ.

ಸೋಮವಾರ ನೇರ ಆ ಹೊಲಕ್ಕೇ ಹೋದೆ. ಸಜ್ಜೆಯ ಎಳೆ ಎಲೆಗಳ ಮೇಲೆ ಬಿಳಿ ಪಟ್ಟೆಗಳೆದ್ದಿದ್ದವು. ಮಾವಶಿ ಮರಾಠಿಯಲ್ಲಿ ಹೇಳಿದ್ದು ನನ್ನ ಕಿವಿಗೆ ನಮ್ಮೂರ ಮಾತಾಗಿಯೇ ಬಿತ್ತು: “ಜಾಸ್ತಿ ಹಾಕ್ರಿ ಅಂದಿದ್ರೆಲ್ಲ, ಡಿಎಪಿ ಗೊಬ್ಬರ ಡಬಲ್ ಹಾಕೀನ್ರಿ ಸಾಹೇಬ. ಯಾಕೋ ಬೆಳಿ ಮಾರಿ ಸಪ್ಪಗ ಆಗ್ಯಾದ ನೋಡ್ರಿ.”

ಡಿಎಪಿಯ ರಂಜಕ ಹೆಚ್ಚಾದರೆ ಮಣ್ಣಿನಲ್ಲಿರುವ ಅಷ್ಟಿಷ್ಟು ಸತುವೂ ಬೆಳೆಗೆ ದಕ್ಕುವುದಿಲ್ಲ. ಅಂದರೆ ಇಲ್ಲದ್ದನ್ನು ಕೊಡಿಸುವುದು ಹಾಗಿರಲಿ, ಇದ್ದದ್ದನ್ನೂ ಕಿತ್ತುಕೊಂಡಿದ್ದೆ. ಮಣ್ಣಿನಲ್ಲಿ ಏನಿದೆ ಏನಿಲ್ಲ ಎಂದು ಹೇಳಿ ಸಂಬಳ ಎಣಿಸುವವನಿಗೆ ತನ್ನ ಬಾಯಿಂದ ಏನು ಬರುತ್ತಿದೆ ಎಂಬುದೇ ತಿಳಿದಿರಲಿಲ್ಲ.

“ತಪ್ಪು ನಂದು ಮಾವಶಿ,” ಅಂದೆ. ಎರಡು ಶಬ್ದಗಳನ್ನೂ ಬಿಡಿಸಿ ಹೇಳಿದೆ. ಅವರು ಸೆರಗು ಬಾಯಿಗೊತ್ತಿಕೊಂಡು ನಕ್ಕರು. “ಪರದೇಶಿ ನಾಲಗಿ, ಏನ್ ಮಾಡ್ತೀರಿ. ಹೋಗ್ಲಿ ಬಿಡ್ರಿ,” ಅಂದರು.

ಎದೆಯ ಭಾರ ಇಳಿದಂತಾಯಿತು. ಸತುವಿನ ಸಲ್ಫೇಟನ್ನು ಸುಣ್ಣದ ತಿಳಿನೀರಿನ ಜೊತೆ ಎಲೆಗೆ ಸಿಂಪಡಿಸಿದರೆ ಬೆಳೆ ಇನ್ನೂ ಚೇತರಿಸಿಕೊಳ್ಳುತ್ತದೆ, ಕಾಳು ಕಟ್ಟುವಾಗ ಮತ್ತೊಮ್ಮೆ ಹೊಡೆದರೆ ಕಾಳಿಗೂ ಸೇರುತ್ತದೆ ಅಂತ ವಿವರಿಸಿದೆ. ಈ ಸಲ ಬರೀ ಮಾತು ನಂಬದೆ ಚೀಲವನ್ನೇ ತಂದಿದ್ದೆ. ಪಂಪು ಬೆನ್ನಿಗೇರಿಸಿ ನಾನೇ ಹೊಡೆದೆ. ಪಾಪ ತೊಳೆದುಕೊಳ್ಳುವ ಹುರುಪು.

ಕೈಕಾಲು ತೊಳೆದು ಅಂಗಳಕ್ಕೆ ಬಂದಾಗ ಮೊಮ್ಮಗಳು ಅಜ್ಜಿಗೆ ಅಂಟಿಕೊಂಡು ನಿಂತಿದ್ದಳು. ಮೊದಲಿಗಿಂತ ಇಳಿದುಹೋಗಿದ್ದಳು. ಬಾಯಿಯ ಅಂಚಿನಲ್ಲಿ ಹುಣ್ಣು.

“ಡಾಕ್ಟರ್ ಕೊಟ್ಟ ಸತುವಿನ ಸಿರಪ್ ಕುಡಿಸ್ತೀರಲ್ಲ?” ಎಂದು ಕೇಳಿದೆ.

“ಅದನ್ನ ಆವಾಗೇ ಬಿಡಿಸೀನ್ರಿ,” ಅಂದರು ಮಾವಶಿ, ನಾನು ಮೆಚ್ಚುತ್ತೇನೆಂಬ ಭರವಸೆಯಲ್ಲಿ. “ನೀವೇ ಹೇಳಿದ್ರೆಲ್ಲ, ಇನ್ನ ಈ ಹೊಲದ ರೊಟ್ಟೀನೇ ಇಕೀಗಿ ಔಷಧ ಅಂತ.”

ಹೇಳಿದ್ದೆ. ಸಭೆಗಳಲ್ಲಿ ಚಪ್ಪಾಳೆ ಗಿಟ್ಟಿಸುವ ಮಾತು ಅದು. ಅದರ ಉಚ್ಚಾರದಲ್ಲಿ ಒಂದಿಷ್ಟೂ ತಪ್ಪಿರಲಿಲ್ಲ. ನಕ್ಕು ಬಿಟ್ಟುಬಿಡಿ ಅನ್ನಲು ಅವರಿಗೆ, ನಾಲಿಗೆ ಹೊರಳಲಿಲ್ಲ ಅನ್ನಲು ನನಗೆ, ದಾರಿಯೇ ಇರಲಿಲ್ಲ. ಇಬ್ಬರನ್ನೂ ಜೀಪಿನಲ್ಲಿ ಕೂರಿಸಿಕೊಂಡು ಸಿಲ್ಲೋಡಿನ ಡಾಕ್ಟರ ಬಳಿಗೆ ಹೊರಟೆ. ಮಗು ಅಜ್ಜಿಯ ತೊಡೆಯ ಮೇಲೆ ಹಗುರಾಗಿ ಮಲಗಿತ್ತು. ದಾರಿ ಪಕ್ಕದ ಅವರ ಹೊಲದಲ್ಲಿ ಸಜ್ಜೆ ಇನ್ನೂ ತೆನೆಯನ್ನೇ ಹೊಡೆದಿರಲಿಲ್ಲ.