ಮೆತ್ತನೆಯ ಮಗ್ಗುಲು ಯಾರಿಗೆ?

ಮದುವೆ ಊಟದ ಪಂಕ್ತಿಯಿಂದ ಅಪ್ಪ ಎದ್ದಾಗ ಪಂಚೆ ಒದ್ದೆಯಾಗಿತ್ತು. “ನೀರಿನ ಲೋಟ ಉರುಳ್ತು” ಎಂದು ನಾನೇ ಸುಳ್ಳು ಹೇಳಿ ಕೋಣೆಗೆ ಕರೆದೊಯ್ದೆ.

ಆಪರೇಷನ್ ಆದಮೇಲೆ ಮೂತ್ರ ನಿಲ್ಲದ ಅಪ್ಪನಿಗೆ, ನಮ್ಮ ದೊಡ್ಡಬಳ್ಳಾಪುರದಲ್ಲಿ ಆಗ ಸಿಗದ ದೊಡ್ಡವರ ಡಯಾಪರನ್ನು ಬೆಂಗಳೂರಿನಿಂದ ತಂದಿದ್ದೆ. ಹಾಕುವುದನ್ನು ಹೇಳಿಕೊಡಲು ಹೋದರೆ, “ನಲವತ್ತು ವರ್ಷ ಸೀರೆ ನೇಯ್ದೋನಿಗೆ ಬಟ್ಟೆ ಪಾಠ ಹೇಳ್ತೀಯೇನೋ?” ಎಂದು ಬಾಗಿಲು ಹಾಕಿಕೊಂಡಿದ್ದರು.

ಕೋಣೆಯಲ್ಲಿ ನೋಡಿದರೆ ಪ್ಲಾಸ್ಟಿಕ್ ಮಗ್ಗುಲು ಮೈಗೆ, ಮೆತ್ತನೆಯ ಹತ್ತಿ ಹೊರಗೆ!

“ನಯವಾದ ಮಗ್ಗುಲು ಒಳಗಿಟ್ರೆ ನೋಡೋರ್ಯಾರೋ?” ಎಂದು ನನ್ನನ್ನೇ ಗದರಿದರು. ಚೀಲದಲ್ಲಿದ್ದ ಇನ್ನೊಂದನ್ನು ಸರಿಯಾಗಿ ಹಾಕಿದೆ. ಕೂತು ನೋಡಿದರು, ಎದ್ದು ನೋಡಿದರು.

ಈಗ ನಮ್ಮ ಬೀದಿಯ ಮುದುಕರಿಗೆಲ್ಲ ಅವರೇ ಮೇಷ್ಟ್ರು: “ಸೀರೆ ನಯ ಊರಿಗೆ, ಇದರ ನಯ ನಮ್ಗೆ ಕಣ್ರಯ್ಯ!”